ಕಪಾಟಿನ ಡಿಸ್ಕ್, ಮೊಬೈಲ್‌ನ ಲಿಂಕ್: ಮನೆಯ ಮದುವೆ ವೀಡಿಯೊ ಯಾವುದರಲ್ಲಿ ಉಳಿದೀತು?

ನಮ್ಮ ಮನೆಗಳ ಕಪಾಟು ತೆರೆದು ನೋಡಿ. ನಿಕಾಹ್ ಸರ್ಟಿಫಿಕೇಟು, ಜಾಗದ ದಾಖಲೆ, ಹಳೆಯ ಪಾಸ್‌ಪೋರ್ಟ್‌ಗಳ ಪಕ್ಕದಲ್ಲಿ ಎಲ್ಲೋ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರ ಮೇಲೆ ಮದುಮಗ, ಮದುಮಗಳ ಹೆಸರು, ಹಾಲ್‌ನ ಹೆಸರು, ತಾರೀಕು. ಒಳಗೆ ಎರಡೋ ಮೂರೋ ಡಿಸ್ಕ್. ಹತ್ತು ಹನ್ನೆರಡು ವರ್ಷದಿಂದ ಅದನ್ನು ಯಾರೂ ಮುಟ್ಟಿಲ್ಲ. "ಉಂಟಲ್ಲಾ, ಕಪಾಟಲ್ಲಿ ಉಂಟು" ಎಂಬ ಧೈರ್ಯ ಮಾತ್ರ ಉಂಟು.

ಈಚೆಗೆ ಮದುವೆಯಾದ ಮನೆಗಳಲ್ಲಿ ಆ ಕವರ್ ಕೂಡ ಇಲ್ಲ. ವೀಡಿಯೊದವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸಿದ್ದಾರೆ. ಒತ್ತಿದರೆ ಮದುವೆ ಬರುತ್ತದೆ. ದುಬೈಯಲ್ಲಿರುವ ತಮ್ಮ, ದಮ್ಮಾಮ್‌ನಲ್ಲಿರುವ ಅಕ್ಕ ಎಲ್ಲರೂ ನೋಡಿದ್ದಾರೆ. "ಡಿಸ್ಕ್ ಎಲ್ಲ ಯಾಕೆ ಮಾರಾಯ್ರೆ, ಈಗ ಎಲ್ಲ ನೆಟ್‌ನಲ್ಲೇ ಉಂಟು" ಅನ್ನುವುದು ಸಾಮಾನ್ಯ ಮಾತು.

ಹಳೆಯ ಡಿಸ್ಕ್ ನಂಬಬೇಕಾ, ಹೊಸ ಲಿಂಕ್ ನಂಬಬೇಕಾ? ಇದು ಬರೀ ಯಂತ್ರದ ಪ್ರಶ್ನೆ ಅಲ್ಲ. ಆ ವೀಡಿಯೊದಲ್ಲಿ ಈಗ ನಮ್ಮ ಜೊತೆ ಇಲ್ಲದ ಹಿರಿಯರು ಇದ್ದಾರೆ. ಅವರು ಮಾತಾಡಿದ ಬ್ಯಾರಿ ಭಾಷೆ ಉಂಟು. ಮನೆಯ ಹೆಣ್ಣುಮಕ್ಕಳ ಮಾನ, ಮರ್ಯಾದೆ ಉಂಟು. ಕಳೆದುಕೊಂಡರೆ ಪುನಃ ತೆಗೆಯಲು ಆಗದ ವಸ್ತು ಅದು. ಹಾಗಾಗಿ ಈ ಎರಡರ ಗುಣ, ದೋಷ ತಿಳಿದುಕೊಂಡಿರುವುದು ಒಳ್ಳೆಯದು.

ಕ್ಯಾಸೆಟ್‌ನಿಂದ ಲಿಂಕ್‌ವರೆಗೆ

ಗಲ್ಫ್‌ನಿಂದ ರಜೆಗೆ ಬರುವವರು ಪೆಟ್ಟಿಯಲ್ಲಿ ವಿಸಿಆರ್ ತಂದ ಕಾಲದಿಂದ ಈ ಕಥೆ ಶುರು. ಆಗ ಮದುವೆ ವೀಡಿಯೊ ಅಂದರೆ ದಪ್ಪದ ವಿಎಚ್‌ಎಸ್ ಕ್ಯಾಸೆಟ್. ನಂತರ ವಿಸಿಡಿ ಬಂತು, ಅದರ ಹಿಂದೆಯೇ ಡಿವಿಡಿ. ಮೋಸರ್ ಬೇರ್ ಕಂಪೆನಿ ಸಿನಿಮಾ ಡಿಸ್ಕ್‌ಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದ ಮೇಲೆ ಡಿಸ್ಕ್ ಎಂಬುದು ಮನೆಮನೆಯ ವಸ್ತುವಾಯಿತು. ಆ ಕಂಪೆನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚುವ ಹಂತ ತಲುಪಿತು.

2006ರಲ್ಲಿ ಹೈ ಡೆಫಿನಿಷನ್ ಡಿಸ್ಕ್‌ಗಳು ಮಾರುಕಟ್ಟೆಗೆ ಬಂದವು. ಸೋನಿ ಮತ್ತು ಅದರ ಜೊತೆಗಾರರದ್ದು ಬ್ಲೂ-ರೇ, ತೋಷಿಬಾದ್ದು ಎಚ್‌ಡಿ ಡಿವಿಡಿ. ಎರಡೂ ಸ್ಪರ್ಧೆಗೆ ಬಿದ್ದವು. 2008ರ ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಬ್ಲೂ-ರೇ ಗೆದ್ದಿತು, ಆದರೆ ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಅದು ಬರಲೇ ಇಲ್ಲ. ಡಿವಿಡಿಯಿಂದ ನಾವು ಪೆನ್‌ಡ್ರೈವ್‌ಗೆ ಹಾರಿದೆವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅಲ್ಲಿಂದ ಲಿಂಕ್‌ಗೆ ಹಾರಿದೆವು.

2020ರಲ್ಲಿ ಲಾಕ್‌ಡೌನ್ ಬಂತು. ಮದುವೆಗೆ 50 ಜನರ ಮಿತಿ, ವಿಮಾನ ಬಂದ್. ಗಲ್ಫ್‌ನಲ್ಲಿ ಸಿಕ್ಕಿಹಾಕಿಕೊಂಡ ತಂದೆ ಮಗಳ ನಿಕಾಹನ್ನು ಮೊಬೈಲ್‌ನಲ್ಲಿ ಲೈವ್ ನೋಡಬೇಕಾದ ದಿನಗಳವು. ಆ ಹೊತ್ತಿನಲ್ಲಿ ಸ್ಟ್ರೀಮಿಂಗ್ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಯಾವ ಡಿಸ್ಕೂ ಆ ಕೆಲಸ ಮಾಡುತ್ತಿರಲಿಲ್ಲ. ಆದರೆ ನೋಡಲು ಅನುಕೂಲವಾದದ್ದೆಲ್ಲ ಕಾಪಾಡಿ ಇಡಲೂ ಅನುಕೂಲ ಎಂದೇನಿಲ್ಲ.

ಸ್ಪಷ್ಟತೆಯ ಲೆಕ್ಕ

ಹಳೆಯ ಮದುವೆ ಸಿಡಿಯನ್ನು ಹೊಸ ದೊಡ್ಡ ಟಿವಿಯಲ್ಲಿ ಹಾಕಿದರೆ ಎಲ್ಲ ಮಸುಕು ಮಸುಕು. "ಸಿಡಿ ಹಾಳಾಗಿದೆ" ಎಂದು ನಾವು ಹೇಳುತ್ತೇವೆ. ಹೆಚ್ಚಿನ ಸಲ ಹಾಳಾದದ್ದಲ್ಲ, ಅದರಲ್ಲಿ ಇದ್ದದ್ದೇ ಅಷ್ಟು. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು. ಡಿವಿಡಿಯಲ್ಲಿ 720 ಮತ್ತು 576. ಬ್ಲೂ-ರೇಯ ಫುಲ್ ಎಚ್‌ಡಿ ಚಿತ್ರದಲ್ಲಿ 1920 ಮತ್ತು 1080. ಗುಣಿಸಿ ನೋಡಿದರೆ ಎಚ್‌ಡಿ ಚಿತ್ರದಲ್ಲಿ ಡಿವಿಡಿಯ ಐದು ಪಟ್ಟು, ವಿಸಿಡಿಯ ಸುಮಾರು ಇಪ್ಪತ್ತು ಪಟ್ಟು ಚುಕ್ಕಿಗಳಿರುತ್ತವೆ.

ಜಾಗದ ಲೆಕ್ಕವೂ ಹಾಗೆಯೇ. ಒಂದು ಸಿಡಿಯಲ್ಲಿ ಸುಮಾರು 700 ಎಂಬಿ, ಒಂದು ಸಾಧಾರಣ ಡಿವಿಡಿಯಲ್ಲಿ 4.7 ಜಿಬಿ, ಒಂದು ಪದರದ ಬ್ಲೂ-ರೇಯಲ್ಲಿ 25 ಜಿಬಿ. ಮೂರು ಗಂಟೆಯ ಮದುವೆ ವೀಡಿಯೊವನ್ನು ಒಳ್ಳೆಯ ಎಚ್‌ಡಿ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 15 ಮೆಗಾಬಿಟ್ ಲೆಕ್ಕದಲ್ಲಿ ಇಟ್ಟರೆ ಸುಮಾರು 20 ಜಿಬಿ ಬೇಕು. ಅದು ಒಂದೇ ಬ್ಲೂ-ರೇಯಲ್ಲಿ ಕೂರುತ್ತದೆ. ಡಿವಿಡಿಯಾದರೆ ಐದು ಬೇಕು.

ನೆಟ್‌ನಲ್ಲಿ ಬರುವಾಗ ಇದೇ ವೀಡಿಯೊವನ್ನು ಹಿಂಡಿ ಸಣ್ಣದು ಮಾಡುತ್ತಾರೆ. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿ ಸಿನಿಮಾಕ್ಕೆ ಕೇಳುವ ಇಂಟರ್ನೆಟ್ ವೇಗ ಸೆಕೆಂಡಿಗೆ 5 ಮೆಗಾಬಿಟ್. ಬ್ಲೂ-ರೇ ಡಿಸ್ಕ್‌ನಲ್ಲಿ ಚಿತ್ರಕ್ಕೆ ಮಾತ್ರ 40 ಮೆಗಾಬಿಟ್‌ವರೆಗೂ ಅವಕಾಶ ಉಂಟು. ಮೊಬೈಲ್‌ನ ಸಣ್ಣ ಪರದೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡ ಟಿವಿಯಲ್ಲಿ, ರಾತ್ರಿಯ ಮೊಯ್ಲಾಂಜಿ ಕಾರ್ಯಕ್ರಮದ ಮಂದ ಬೆಳಕಿನಲ್ಲಿ, ಸೀರೆಯ ಜರಿಯಲ್ಲಿ ಅದು ಎದ್ದು ಕಾಣುತ್ತದೆ. ಯೂಟ್ಯೂಬ್‌ಗೆ ಹಾಕಿದ ವೀಡಿಯೊವನ್ನು ಆ ಕಂಪೆನಿ ತನ್ನ ಲೆಕ್ಕದಲ್ಲಿ ಪುನಃ ಹಿಂಡಿಯೇ ತೋರಿಸುತ್ತದೆ. ನಾಳೆ ಅಲ್ಲಿಂದ ಇಳಿಸಿಕೊಂಡರೆ ಸಿಗುವುದು ಆ ಹಿಂಡಿದ ಪ್ರತಿ, ವೀಡಿಯೊದವರು ತಯಾರಿಸಿದ ಮೂಲ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಳೆಯ ಸಿಡಿಯನ್ನು "ಎಚ್‌ಡಿ ಮಾಡಿಕೊಡ್ತೇವೆ" ಎನ್ನುವ ಅಂಗಡಿಗಳುಂಟು. ಕ್ಯಾಮೆರಾ ಅಂದು ಹಿಡಿಯದ ಚುಕ್ಕಿಗಳನ್ನು ಇಂದು ಯಾರೂ ತರಲಾರರು. ಹೊಸ ಎಐ ಸಾಫ್ಟ್‌ವೇರ್‌ಗಳು ಮಸುಕಾದ ಮುಖವನ್ನು ಚೂಪು ಮಾಡಿ ತೋರಿಸುತ್ತವೆ, ಆದರೆ ಇಲ್ಲದ ವಿವರವನ್ನು ಅಂದಾಜಿನಿಂದ ತುಂಬಿಸಿ. ತೀರಿಹೋದ ಅಜ್ಜಿಯ ಮುಖಕ್ಕೆ ಯಂತ್ರದ ಅಂದಾಜು ಬೇಕಾ ಎಂದು ಮನೆಯವರು ಯೋಚಿಸಬೇಕು. ಮಾಡಿಸುವುದಾದರೆ ಮಾಡಿಸಿ, ಆದರೆ ಮೂಲ ಪ್ರತಿಯನ್ನು ಹಾಗೆಯೇ ಇಟ್ಟುಕೊಳ್ಳಿ.

ಡಿಸ್ಕ್ ಹೇಗೆ ಸಾಯುತ್ತದೆ?

ಅಂಗಡಿಯಲ್ಲಿ ಸಿಗುತ್ತಿದ್ದ ಸಿನಿಮಾ ಡಿಸ್ಕ್ ಬೇರೆ, ಮದುವೆ ವೀಡಿಯೊದ ಡಿಸ್ಕ್ ಬೇರೆ. ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡುತ್ತಾರೆ. ಮಾಹಿತಿ ಅದರಲ್ಲಿ ಸಣ್ಣ ಸಣ್ಣ ಗುಳಿಗಳಾಗಿ ಇರುತ್ತದೆ. ಸ್ಟುಡಿಯೋದವರು ಕಂಪ್ಯೂಟರ್‌ನಲ್ಲಿ ಬರೆದುಕೊಡುವ ಸಿಡಿ, ಡಿವಿಡಿಗಳಲ್ಲಿ ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ಈ ಮೂರೂ ಆ ಬಣ್ಣಕ್ಕೆ ವೈರಿಗಳು. ನಮ್ಮ ಕರಾವಳಿಯಲ್ಲಿ ಮೂರಕ್ಕೂ ಬರ ಇಲ್ಲ. ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಹಿಡಿಯುವ ಊರು ನಮ್ಮದು. ಹೊರಗಿಂದ ಫಳಫಳ ಹೊಳೆಯುವ ಡಿಸ್ಕ್ ಒಳಗೆ ಸತ್ತಿರಬಹುದು.

ಹೆಚ್ಚಿನವರು ಡಿಸ್ಕ್‌ನ ಕೆಳಗಿನ ಹೊಳೆಯುವ ಬದಿಯನ್ನು ಜಾಗ್ರತೆಯಿಂದ ನೋಡಿಕೊಳ್ಳುತ್ತಾರೆ, ಮೇಲಿನ ಹೆಸರು ಬರೆದ ಬದಿಯನ್ನು ಹೇಗೆ ಬೇಕಾದರೂ ಇಡುತ್ತಾರೆ. ಸಿಡಿಯ ಮಟ್ಟಿಗೆ ಇದು ತಲೆಕೆಳಗು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಮೇಲಿನ ಹೆಸರಿನ ಬದಿಗೆ ತಾಗಿಯೇ. ಅಲ್ಲಿ ಆಳವಾಗಿ ಗೀಚಿದರೆ ಕಥೆ ಮುಗಿಯಿತು. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ. ಬ್ಲೂ-ರೇಯಲ್ಲಿ ಓದುವ ಬದಿಯಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಒಳಗೆ. ಅದಕ್ಕಾಗಿಯೇ ಬ್ಲೂ-ರೇಗೆ ಗೀರು ಬೀಳದ ಗಟ್ಟಿ ಲೇಪನ ಕೊಡುತ್ತಾರೆ. ಬರೆಯುವ ಬ್ಲೂ-ರೇಗಳಲ್ಲಿ ಹೆಚ್ಚಿನವು ಬಣ್ಣದ ಬದಲು ಲೋಹದಂಥ ಪದರ ಬಳಸುವುದರಿಂದ ಬೆಳಕಿಗೆ ಡಿವಿಡಿಗಿಂತ ಚೆನ್ನಾಗಿ ತಡೆಯುತ್ತವೆ.

ಆದರೆ ಡಿಸ್ಕ್ ಬದುಕಿದ್ದರೆ ಸಾಲದು, ಅದನ್ನು ಓದುವ ಯಂತ್ರವೂ ಬದುಕಿರಬೇಕು. ಕ್ಯಾಸೆಟ್‌ನ ಗತಿ ನೋಡಿ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪೆನಿ ಎನಿಸಿದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ನಿಲ್ಲಿಸಿತು. ಈಗ ಡಿಸ್ಕ್‌ನ ಸರದಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಈ ಡಿಸ್ಕನ್ನು ಹುಟ್ಟುಹಾಕಿದ ಮನೆಯೇ ಬಾಗಿಲು ಹಾಕುತ್ತಿದೆ ಎಂದ ಹಾಗೆ.

ಲಿಂಕ್ ಯಾರದ್ದು?

ಹಾಗಾದರೆ ಲಿಂಕ್ ಸಾಕಲ್ಲವಾ? ಮೊದಲು ಕೇಳಬೇಕಾದದ್ದು, ಆ ಲಿಂಕ್ ಯಾರ ಹೆಸರಿನಲ್ಲಿ ಉಂಟು ಎಂದು. ಎಷ್ಟೋ ಸಲ ಅದು ವೀಡಿಯೊದವರ ಚಾನೆಲ್‌ನದ್ದು. ಅವರು ವ್ಯಾಪಾರ ನಿಲ್ಲಿಸಿದರೆ, ಚಾನೆಲ್ ಅಳಿಸಿದರೆ, ಪಾಸ್‌ವರ್ಡ್ ಕಳಕೊಂಡರೆ ನಿಮ್ಮ ಮನೆಯ ಮದುವೆಯೂ ಅದರ ಜೊತೆ ಹೋಗುತ್ತದೆ.

ಎರಡನೆಯದು, ನಿಯಮಗಳು ನಮ್ಮನ್ನು ಕೇಳಿ ಬದಲಾಗುವುದಿಲ್ಲ. 2017ಕ್ಕೆ ಮೊದಲು ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಎಂದು ಹಾಕಿದ್ದ ವೀಡಿಯೊಗಳನ್ನು, ಹಾಕಿದವರು ಬೇಡ ಎಂದು ತಿಳಿಸದಿದ್ದರೆ, 2021ರ ಜುಲೈಯಲ್ಲಿ ಕಂಪೆನಿ ‘ಪ್ರೈವೇಟ್’ ಮಾಡಿತು. ಸುರಕ್ಷತೆಯ ಕಾರಣಕ್ಕೆ ಮಾಡಿದ್ದು ಅದು. ಆದರೆ ಕುಟುಂಬದ ಗ್ರೂಪ್‌ಗಳಲ್ಲಿ ವರ್ಷಗಟ್ಟಲೆ ಓಡಾಡಿದ್ದ ಅಂಥ ಹಳೆಯ ಲಿಂಕ್‌ಗಳು ಒಮ್ಮೆಲೇ ತೆರೆಯದಾದವು. ಗೂಗಲ್ ಫೋಟೋಸ್‌ನಲ್ಲಿದ್ದ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವುದು ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿ 15 ಜಿಬಿ. ಮೇಲೆ ಲೆಕ್ಕ ಹಾಕಿದ ಮೂರು ಗಂಟೆಯ ವೀಡಿಯೊ ಅದರಲ್ಲಿ ಹಿಡಿಸುವುದೇ ಇಲ್ಲ. ಎರಡು ವರ್ಷ ಬಳಸದೆ ಬಿಟ್ಟ ಗೂಗಲ್ ಖಾತೆಯನ್ನು ಒಳಗಿನ ಫೋಟೊ, ಫೈಲ್‌ಗಳ ಸಮೇತ ಅಳಿಸಬಹುದು ಎಂಬ ನಿಯಮವನ್ನು ಕಂಪೆನಿ 2023ರಲ್ಲಿ ಪ್ರಕಟಿಸಿತು. ಗಲ್ಫ್ ಬಿಟ್ಟು ಬರುವಾಗ ಅಲ್ಲಿಯ ಸಿಮ್ ಬಿಟ್ಟು, ಅದಕ್ಕೆ ಜೋಡಿಸಿದ್ದ ಖಾತೆಯನ್ನೂ ಮರೆತವರು ನಮ್ಮಲ್ಲಿ ಕಡಿಮೆಯಾ?

ಮೂರನೆಯದು, ಹಾಡು. ಮದುವೆ ವೀಡಿಯೊಗೆ ಹಿನ್ನೆಲೆಯಲ್ಲಿ ಸಿನಿಮಾ ಹಾಡೋ ಮಾಪಿಳ್ಳ ಹಾಡೋ ಹಾಕಿರುತ್ತಾರೆ. ಯೂಟ್ಯೂಬ್‌ನ ಯಂತ್ರ ಅದನ್ನು ಗುರುತಿಸಿ, ಹಕ್ಕುದಾರರ ಇಷ್ಟದಂತೆ ವೀಡಿಯೊವನ್ನೇ ತಡೆಯಬಹುದು ಅಥವಾ ಜಾಹೀರಾತು ಓಡಿಸಬಹುದು. ಯಾವ ಚಾನೆಲ್‌ನ ವೀಡಿಯೊಗೂ ಜಾಹೀರಾತು ಹಾಕುವ ಹಕ್ಕನ್ನು ಕಂಪೆನಿ ಇಟ್ಟುಕೊಂಡಿದೆ. ನಿಕಾಹ್‌ನ ಖುತ್ಬಾ ಶುರುವಾಗುವ ಮೊದಲು ಯಾವ ಜಾಹೀರಾತು ಬರಬೇಕು ಎಂದು ನಿರ್ಧರಿಸುವುದು ಮನೆಯವರಲ್ಲ.

ಹಣ ಕೊಟ್ಟು ಖರೀದಿಸಿದ ಸಿನಿಮಾಗಳ ವಿಷಯದಲ್ಲೂ ಜಗತ್ತು ಇದೇ ಪಾಠ ಕಲಿತಿದೆ. 2023ರ ಡಿಸೆಂಬರ್‌ನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಗ್ರಾಹಕರಿಗೆ ಒಂದು ಸೂಚನೆ ಕೊಟ್ಟಿತು: ನೀವು ಖರೀದಿಸಿದ್ದ ಡಿಸ್ಕವರಿ ಕಾರ್ಯಕ್ರಮಗಳು ವರ್ಷದ ಕೊನೆಗೆ ನಿಮ್ಮ ಸಂಗ್ರಹದಿಂದ ಹೋಗುತ್ತವೆ. ಗಲಾಟೆಯಾಯಿತು, ಕಂಪೆನಿಗಳು ಹೊಸ ಒಪ್ಪಂದ ಮಾಡಿಕೊಂಡವು, ತೆಗೆಯುವುದು ತಪ್ಪಿತು. ಆದರೆ ಖರೀದಿ ಎಂದರೆ ಏನು ಎಂಬ ಪ್ರಶ್ನೆ ಉಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನೇ ಮಾಡಿತು. ಗ್ರಾಹಕನಿಗೆ ಸಿಗುವುದು ಬರೀ ಪರವಾನಗಿ ಆಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂದು ಬರೆಯುವಂತಿಲ್ಲ ಎಂದಿತು. ಒಂದು ಕಾಲದಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸಿ ಬೆಳೆದ ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿಸ್ಕ್ ಕಳಿಸಿದ್ದು 2023ರ ಸೆಪ್ಟೆಂಬರ್ 29ರಂದು. ಈಗ ಅಲ್ಲಿಯೂ ಎಲ್ಲ ಬಾಡಿಗೆ ವ್ಯವಹಾರವೇ.

ಸಿನಿಮಾ ಹೋದರೆ ಇನ್ನೊಂದು ಕಡೆ ಸಿಕ್ಕೀತು. ನಮ್ಮ ಮನೆಯ ಮದುವೆ ಇನ್ನೆಲ್ಲಿಯೂ ಸಿಗುವುದಿಲ್ಲ.

ಮನೆಯ ಹೆಣ್ಣುಮಕ್ಕಳ ವಿಷಯ

ಡಿಸ್ಕ್‌ಗೆ ಇರುವ ಒಂದು ದೊಡ್ಡ ಗುಣವನ್ನು ಇಲ್ಲಿ ಹೇಳಲೇಬೇಕು. ಅದು ಕಪಾಟಿನಲ್ಲಿರುತ್ತದೆ, ಕಪಾಟಿನ ಬೀಗದ ಕೈ ಉಮ್ಮನ ಹತ್ತಿರ ಇರುತ್ತದೆ. ಯಾರು ನೋಡಬೇಕು, ಯಾರು ನೋಡಬಾರದು ಎಂದು ತೀರ್ಮಾನಿಸುವುದು ಮನೆ. ಹೆಂಗಸರ ಕಡೆಯ ವೀಡಿಯೊವನ್ನು ಬೇರೆಯೇ ಡಿಸ್ಕ್‌ನಲ್ಲಿ ಮಾಡಿಸಿ ಇಟ್ಟುಕೊಳ್ಳುವ ಕ್ರಮ ಹಲವು ಮನೆಗಳಲ್ಲಿ ಇದ್ದದ್ದು ಇದೇ ಕಾರಣಕ್ಕೆ.

ಲಿಂಕ್‌ನಲ್ಲಿ ಆ ಬೀಗ ಸಡಿಲ. ‘ಅನ್‌ಲಿಸ್ಟೆಡ್’ ಎಂದರೆ ಗುಟ್ಟು ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಹುಡುಕಿದರೆ ಸಿಗುವುದಿಲ್ಲ ಅಷ್ಟೇ, ಲಿಂಕ್ ಸಿಕ್ಕಿದ ಯಾರು ಬೇಕಾದರೂ ನೋಡಬಹುದು. ಕುಟುಂಬದ ಗ್ರೂಪ್‌ನಿಂದ ಒಬ್ಬರು ಇನ್ನೊಂದು ಗ್ರೂಪ್‌ಗೆ ಫಾರ್ವರ್ಡ್ ಮಾಡಿದರೆ ಆಯಿತು. ‘ಪ್ರೈವೇಟ್’ ಎಂದರೆ ಮಾತ್ರ ನೀವು ಇಮೇಲ್ ಕೊಟ್ಟು ಕರೆದವರಿಗಷ್ಟೇ ಕಾಣುತ್ತದೆ. ಗೂಗಲ್ ಡ್ರೈವ್‌ನಲ್ಲಿಯೂ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆ, ‘ನಿರ್ಬಂಧಿತ’ ಎಂಬ ಆಯ್ಕೆ ಬೇರೆ ಬೇರೆ. ಈ ಒಂದು ಗುಂಡಿಯ ವ್ಯತ್ಯಾಸ ಗೊತ್ತಿಲ್ಲದೆ ಮನೆಯ ಮೊಯ್ಲಾಂಜಿ ಊರಿನ ಮೊಬೈಲ್‌ಗಳಿಗೆ ಹೋಗಬಹುದು.

ವೀಡಿಯೊವೇ ಬೇಡ ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು. ವೀಡಿಯೊ ತೆಗೆಯಲು ಒಪ್ಪಿದವರೂ ನೆಟ್‌ಗೆ ಹಾಕಲು ಒಪ್ಪಿದರು ಎಂದು ಅರ್ಥವಲ್ಲ. ಮದುಮಗಳನ್ನು, ಅವಳ ಉಮ್ಮನನ್ನು, ಮಾಮಿಯರನ್ನು ಕೇಳದೆ ಲಿಂಕ್ ಹಂಚುವುದು ಸರಿಯಲ್ಲ. ಅದನ್ನು ವೀಡಿಯೊದವರಿಗೂ ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಹೇಳಿ: "ನಮ್ಮ ಮನೆಯದ್ದು ನಿಮ್ಮ ಚಾನೆಲ್‌ಗೆ, ಜಾಹೀರಾತಿಗೆ ಹಾಕಬಾರದು." ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ‘ಆಯ್ತು’ ಎಂಬ ಉತ್ತರ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಒಳಗೆ ಇರುವುದು ಬರೀ ಮದುವೆಯಲ್ಲ

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಮದುವೆಯ ಊಟ, ಸ್ಟೇಜ್, ಸಾಲು ಸಾಲು ಫೋಟೊ, ಇದನ್ನು ಯಾರು ಕೂತು ನೋಡ್ತಾರೆ?

ಆ ಡಿಸ್ಕ್‌ನಲ್ಲಿ ಮದುಮಕ್ಕಳು ಮಾತ್ರ ಇಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಯಾರನ್ನೋ ಬೈಯುವ ಅಜ್ಜ ಇದ್ದಾರೆ. ಒಪ್ಪನೆ ಹಾಡುವ ಹೆಂಗಸರಿದ್ದಾರೆ. ದಫ್ ಬಾರಿಸುವ ಹುಡುಗರಿದ್ದಾರೆ. ಒಳಮನೆಯಲ್ಲಿ ಮದುಮಗಳಿಗೆ ಬುದ್ಧಿ ಹೇಳುವ ಹಿರಿಯ ಬ್ಯಾರ್ತಿಯ ಮಾತು, ಈಗಿನ ಮಕ್ಕಳಿಗೆ ಅರ್ಧ ಅರ್ಥವಾಗದ ಹಳೆಯ ಬ್ಯಾರಿ ಶಬ್ದಗಳು, ಕ್ಯಾಮೆರಾದ ಮೈಕ್‌ಗೆ ತಾವಾಗಿ ಬಂದು ಬಿದ್ದಿವೆ. ಊರಿಂದ ಊರಿಗೆ ಬದಲಾಗುವ ಮಾತಿನ ಧಾಟಿಯೂ ಅದರಲ್ಲಿ ಉಂಟು.

ನಮ್ಮದು ಬಾಯಿಂದ ಬಾಯಿಗೆ ಬಂದ ಭಾಷೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದೇ 2007ರಲ್ಲಿ. ಬ್ಯಾರಿ ಭಾಷೆಯ ಮೊದಲ ಚಲನಚಿತ್ರ, ಸುವೀರನ್ ನಿರ್ದೇಶನದ ‘ಬ್ಯಾರಿ’ ಬಂದದ್ದು 2011ರಲ್ಲಿ. ಅದು 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಮರಾಠಿಯ ಒಂದು ಚಿತ್ರದ ಜೊತೆ ಅತ್ಯುತ್ತಮ ಚಿತ್ರದ ಗೌರವ ಹಂಚಿಕೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ 2011ಕ್ಕೆ ಮೊದಲು ನಮ್ಮವರು ಕ್ಯಾಮೆರಾದ ಮುಂದೆ ಬ್ಯಾರಿಯಲ್ಲಿ ಮಾತಾಡಿದ್ದು ಎಲ್ಲಿ? ಹೆಚ್ಚಾಗಿ ಮನೆಯ ವೀಡಿಯೊಗಳಲ್ಲಿ. ಅವುಗಳನ್ನು ಯಾವ ಗ್ರಂಥಾಲಯವೂ ಸಂಗ್ರಹಿಸಿಲ್ಲ, ಕಾಪಾಡುವವರು ನಾವೇ. ಸಮುದಾಯದ ಹಳೆಯ ಮಾತು, ಹಾಡು, ಉಡುಗೆ, ಮನೆಗಳ ದಾಖಲೆ ಈ ಕಪಾಟುಗಳಲ್ಲಿ ಚದುರಿ ಕೂತಿದೆ.

ಯಾವುದನ್ನು ನಂಬುವುದು?

ಉತ್ತರ ಸರಳ. ಒಂದನ್ನೇ ನಂಬಬಾರದು. ಲಿಂಕ್ ನೋಡಲು, ಹಂಚಲು. ಡಿಸ್ಕ್, ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಲು. ಎರಡರ ಕೆಲಸ ಬೇರೆ ಬೇರೆ. ಫೈಲ್ ನಮ್ಮ ಕೈಯಲ್ಲಿದ್ದರೆ ಲಿಂಕ್ ಎಷ್ಟು ಸಲ ಹೋದರೂ ಪುನಃ ಮಾಡಬಹುದು. ಫೈಲ್ ಇಲ್ಲದೆ ಲಿಂಕ್ ಹೋದರೆ ಏನೂ ಮಾಡಲಿಕ್ಕಿಲ್ಲ.

ಕಂಪ್ಯೂಟರ್ ತಿಳಿದವರು ಪಾಲಿಸುವ ಒಂದು ಹಳೆಯ ಲೆಕ್ಕ ಉಂಟು: ಮೂರು ಪ್ರತಿ, ಎರಡು ಬಗೆಯ ವಸ್ತುವಿನಲ್ಲಿ, ಒಂದು ಪ್ರತಿ ಮನೆಯ ಹೊರಗೆ. ನಮ್ಮ ಮನೆಗಳಿಗೆ ಇದನ್ನು ಹೀಗೆ ಹೊಂದಿಸಬಹುದು. ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಮನೆಯ ಕಪಾಟಿನಲ್ಲಿ. ಇನ್ನೊಂದು ಪ್ರತಿ ಬೇರೆ ಊರಿನಲ್ಲೋ ಗಲ್ಫ್‌ನಲ್ಲೋ ಇರುವ ಅಣ್ಣ, ಅಕ್ಕನ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ. ಮೂರನೆಯದು ಬ್ಲೂ-ರೇಯಲ್ಲೋ, ‘ನಿರ್ಬಂಧಿತ’ ಎಂದು ಬೀಗ ಹಾಕಿದ ಆನ್‌ಲೈನ್ ಖಾತೆಯಲ್ಲೋ. ಮನೆಗೆ ನೆರೆನೀರು ನುಗ್ಗಿದರೂ ಕಂಪೆನಿ ನಿಯಮ ಬದಲಿಸಿದರೂ ಎಲ್ಲ ಒಟ್ಟಿಗೆ ಹೋಗುವುದಿಲ್ಲ.

ಹಳೆಯ ಡಿಸ್ಕ್ ಇರುವವರು ಮಾಡಬೇಕಾದದ್ದು ಇಷ್ಟು. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಈಗಲೂ ಸಿಗುತ್ತದೆ. ಕುಟುಂಬಕ್ಕೆಲ್ಲ ಸೇರಿ ಒಂದು ತೆಗೆದುಕೊಂಡರೆ ಸಾಕು. ಡಿಸ್ಕನ್ನು ಮೃದು ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ತಿರುಗಿಸಿ ಒರೆಸಬೇಡಿ. ವಿಸಿಡಿಯಾದರೆ ‘ಎಂಪಿಇಜಿಎವಿ’ ಎಂಬ ಫೋಲ್ಡರ್, ಡಿವಿಡಿಯಾದರೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಇದ್ದ ಹಾಗೆಯೇ ಪೂರ್ತಿ ಕಾಪಿ ಮಾಡಿ. ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಎರಡೂ ಓಡುತ್ತವೆ. ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋಡಲು ಎಂಪಿ4 ಮಾಡಿಕೊಳ್ಳಬಹುದು, ಆದರೆ ಮೂಲ ಫೋಲ್ಡರ್ ಅಳಿಸಬೇಡಿ. ಒಂದು ಡ್ರೈವ್‌ನಲ್ಲಿ ಓದದ ಡಿಸ್ಕ್ ಇನ್ನೊಂದರಲ್ಲಿ ಓದಬಹುದು, ಆದ್ದರಿಂದ ಬೇಗ ಕೈಬಿಡಬೇಡಿ. ಕ್ಯಾಸೆಟ್ ಇರುವವರು ಇನ್ನೂ ಬೇಗ ಮಾಡಬೇಕು. ವಿಸಿಆರ್ ಸುಸ್ಥಿತಿಯಲ್ಲಿರುವ ಸ್ಟುಡಿಯೋ ಹುಡುಕಿ, ಬೂಸ್ಟು ಹಿಡಿದ ಕ್ಯಾಸೆಟನ್ನು ನೇರ ಯಂತ್ರಕ್ಕೆ ತುರುಕದೆ ಮೊದಲು ತೋರಿಸಿ.

ಹೊಸದಾಗಿ ಮದುವೆ ಮಾಡುವವರು ಲಿಂಕ್ ಜೊತೆಗೆ ಪೂರ್ತಿ ಫೈಲ್ ಕೇಳಿ ತೆಗೆದುಕೊಳ್ಳಿ. ಹಿನ್ನೆಲೆ ಹಾಡು ಹಾಕದ, ಜನರ ಮಾತು ಹಾಗೆಯೇ ಕೇಳುವ ಇನ್ನೊಂದು ಪ್ರತಿಯನ್ನೂ ಕೇಳಿ. ಹತ್ತು ವರ್ಷದ ನಂತರ ಬೇಕಾಗುವುದು ಹಾಡಲ್ಲ, ಆ ಮಾತು. ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ತಗೊಳ್ಳಿ, ಆದರೆ ಅದರಲ್ಲೇ ಬಿಡಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಪೆನ್‌ಡ್ರೈವ್ ತನ್ನಲ್ಲಿ ಇದ್ದದ್ದನ್ನು ಮರೆಯಬಹುದು. ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊ ಎಂದು ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೆಯೇ ಹೋಗುತ್ತದೆ.

ಕೊನೆಯದಾಗಿ, ಈ ಕೆಲಸಕ್ಕೆ ಮನೆಯಲ್ಲಿ ಒಬ್ಬರು ಹೊಣೆ ಹೊರಬೇಕು. "ಯಾರಾದರೂ ಮಾಡ್ತಾರೆ" ಎಂದರೆ ಯಾರೂ ಮಾಡುವುದಿಲ್ಲ. ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಒಪ್ಪಿಸಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ವರ್ಷಕ್ಕೊಮ್ಮೆ, ರಮಝಾನ್‌ಗೆ ಮೊದಲು ಮನೆ ಗುಡಿಸಿ ಒರೆಸುವ ಹೊತ್ತಿನಲ್ಲಿ, ಹಾರ್ಡ್ ಡಿಸ್ಕ್ ತೆಗೆದು ಓಡುತ್ತದಾ ಎಂದು ನೋಡಿ. ಪೆರ್ನಾಲ್ ದಿನ ಎಲ್ಲರೂ ಸೇರಿದಾಗ ಹತ್ತು ನಿಮಿಷ ಟಿವಿಗೆ ಹಾಕಿ. ತೆರೆಯ ಮೇಲೆ ಬರುವ ಹಿರಿಯರ ಹೆಸರು, ಸಂಬಂಧ, ಊರು ಗೊತ್ತಿರುವವರು ಮನೆಯಲ್ಲಿ ಈಗಲೂ ಇದ್ದಾರೆ. ಅವರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಹೆಸರುಗಳನ್ನು ಯಾವ ಡಿಸ್ಕೂ ಯಾವ ಲಿಂಕೂ ನಮಗೆ ಹೇಳಿಕೊಡುವುದಿಲ್ಲ.